ಫಾರ್ಮ್ಯಾಟ್ ಹೊಡೆಯುವ ಮುಂಚೆ: ಮಳೆಗಾಲದಲ್ಲಿ ಕೈಕೊಟ್ಟ ಕಂಪ್ಯೂಟರಿಗೆ ದೋಷ ನಿವಾರಣೆ ಕೈಪಿಡಿ

ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಜುಲೈ ಕೊನೆಯ ವಾರ, ಸಿದ್ದಾಪುರ ಹತ್ತಿರದ ಒಂದು ಎಸ್ಟೇಟಿನಿಂದ, ಅಲ್ಲಿನ ಲೆಕ್ಕ ಬರೆಯುವ ರೈಟರಣ್ಣ ಫೋನ್ ಮಾಡಿದರು. "ತಮ್ಮಾ, ಆಫೀಸ್ ಕಂಪ್ಯೂಟರ್ ಮತ್ತೆ ಹೋಯ್ತು. ಬಂದು ಒಂದು ಫಾರ್ಮ್ಯಾಟ್ ಹೊಡೆದುಕೊಡು ಮಾರಾಯ. ನಾಡಿದ್ದು ಬಟವಾಡೆ, ಚೆಕ್‌ರೋಲ್ ಎಲ್ಲ ಅದರಲ್ಲೇ ಉಂಟು." ಚೆಕ್‌ರೋಲ್ ಅಂದರೆ ಕಾರ್ಮಿಕರ ಹಾಜರಿ, ಕೂಲಿಯ ಲೆಕ್ಕ.

"ಮತ್ತೆ" ಅಂದರಲ್ಲ, ಅದನ್ನೇ ಕೆದಕಿ ಕೇಳಿದೆ. ಎರಡು ತಿಂಗಳಲ್ಲಿ ಎರಡು ಸಲ ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋಗಿದ್ದಾರೆ. ಎರಡು ಸಲವೂ ಹಳೆಯ ವಿಂಡೋಸ್ ಅಳಿಸಿ ಹೊಸದನ್ನು ಹಾಕಿಕೊಟ್ಟಿದ್ದಾರೆ. ಎರಡು ಸಲವೂ ಹದಿನೈದು ದಿನ ಚೆನ್ನಾಗಿ ಓಡಿ, ಆಮೇಲೆ ಅದೇ ನೀಲಿ ಪರದೆ. ಮದ್ದು ಎರಡು ಸಲ ಕೊಟ್ಟರೂ ರೋಗ ಹೋಗದಿದ್ದರೆ ಮದ್ದೇ ಬೇರೆ ಇರಬೇಕು, ಅಲ್ವಾ?

ಫಾರ್ಮ್ಯಾಟ್ ಹೊಡೆಯುವುದು, ಅಂದರೆ ಡಿಸ್ಕ್ ಅಳಿಸಿ ವಿಂಡೋಸಿನಂಥ ಓಎಸ್ ಮತ್ತೆ ಹಾಕುವುದು, ಸಾಫ್ಟ್‌ವೇರ್ ಕೆಟ್ಟಾಗ ಮಾಡುವ ಕೆಲಸ. ಕೆಟ್ಟಿರುವುದು ಡಿಸ್ಕೋ, ಕೇಬಲ್ಲೋ, ಮೆಮೊರಿ ಕಡ್ಡಿಯಾದ ರ‍್ಯಾಮೋ, ಕರೆಂಟೋ ಆಗಿದ್ದರೆ ಅದರಿಂದ ಏನೂ ಸರಿಯಾಗುವುದಿಲ್ಲ. ಸ್ವಲ್ಪ ದಿನ ಸರಿಯಾದ ಹಾಗೆ ಕಾಣುತ್ತದೆ ಅಷ್ಟೆ. ಹೊಸದಾಗಿ ಹಾಕಿದಾಗ ಫೈಲುಗಳೆಲ್ಲ ಡಿಸ್ಕಿನಲ್ಲಿ ಬೇರೆ ಜಾಗದಲ್ಲಿ ಹೊಸದಾಗಿ ಕೂತಿರುತ್ತವೆ, ಹಾಗಾಗಿ ಕೆಟ್ಟ ಜಾಗಕ್ಕೆ ಮತ್ತೆ ತಲುಪುವ ತನಕ, ಅಥವಾ ಸಡಿಲ ಕೇಬಲ್ ಬರೆಯುವ ನಡುವೆ ಮತ್ತೊಂದು ಸಲ ಕೈಬಿಡುವ ತನಕ ಎಲ್ಲ ಸುಖವಾಗಿಯೇ ಇರುತ್ತದೆ. ಅಷ್ಟರಲ್ಲಿ ನಿಮ್ಮ ಹಳೆಯ ಫೈಲುಗಳು ಹೋಗಿಯಾಗಿರುತ್ತವೆ. ಅದಕ್ಕೇ ಮೊದಲು ಹುಡುಕಿ, ಆಮೇಲೆ ಅಳಿಸಿ.

ಮೊದಲು ಕರೆಂಟು

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಗಾಳಿಮಳೆಗೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಬರುತ್ತದೆ, ಒಂದೇ ಗಂಟೆಯಲ್ಲಿ ನಾಲ್ಕು ಸಲ. ಯುಪಿಎಸ್ ಇದೆ ಅಂತ ಎಲ್ಲರಿಗೂ ಧೈರ್ಯ. ಆದರೆ ಯುಪಿಎಸ್ ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹೊರಗೆ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಅದರ ಪ್ಲಗ್ ತೆಗೆದು ಆ ಜಾಗಕ್ಕೆ ಒಂದು ಟೇಬಲ್ ಲ್ಯಾಂಪ್ ಹಾಕಿ, ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿ. ಹಳೆಯ 60 ವ್ಯಾಟ್ ಬಲ್ಬ್ ಇದ್ದರೆ ಇನ್ನೂ ಒಳ್ಳೆಯದು. ದೀಪ ಕೂಡಲೇ ಆರಿದರೆ ನಿಮ್ಮ ಕಂಪ್ಯೂಟರ್ ಇಷ್ಟು ದಿನ ಯುಪಿಎಸ್ ಇಲ್ಲದೆಯೇ ಓಡುತ್ತಿತ್ತು ಅಂತ ಅರ್ಥ.

ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಅನ್ನುವುದನ್ನು ಒತ್ತಿ. ಅಲ್ಲಿ ಕರ್ನಲ್ ಪವರ್ 41 ಅಂತ ಕೆಂಪು ಗುರುತಿನ ಸಾಲುಗಳಿದ್ದರೆ, ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ಸತ್ತು ಎದ್ದಿದೆ ಅಂತ. 41 ಕಾರಣ ಹೇಳುವುದಿಲ್ಲ, ಸಮಯ ಹೇಳುತ್ತದೆ. ಆ ಸಮಯವೂ ಕರೆಂಟ್ ಹೋದ ಸಮಯವೂ ಒಂದೇ ಆಗಿದ್ದರೆ ವಿಂಡೋಸನ್ನು ಬೈಯಬೇಡಿ. ಅದೇ ಪಟ್ಟಿಯಲ್ಲಿ ಡಿಸ್ಕ್ ಹೆಸರಿನಲ್ಲಿ 7 ಅಥವಾ 153 ಕಂಡರೆ ಕಥೆ ಬೇರೆ. 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಿದೆ ಅಂತ. 153 ಅಂದರೆ ಓದುವುದನ್ನೋ ಬರೆಯುವುದನ್ನೋ ಮತ್ತೊಮ್ಮೆ ಪ್ರಯತ್ನಿಸಬೇಕಾಯಿತು ಅಂತ.

ಇನ್ನೊಂದು ಸಣ್ಣ ವಿಷಯ, ಆದರೆ ಇದಕ್ಕಾಗಿಯೇ ಫಾರ್ಮ್ಯಾಟ್ ಮಾಡಿಸಿದವರನ್ನು ನೋಡಿದ್ದೇನೆ. ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ತಾರೀಖು ಹಳೇ ವರ್ಷಕ್ಕೆ ಹೋಗುತ್ತಿದೆಯಾ? ವೆಬ್‌ಸೈಟುಗಳೆಲ್ಲ ಸುರಕ್ಷಿತವಲ್ಲ ಅಂತ ತಕರಾರು ಮಾಡುತ್ತಿವೆಯಾ? ಅದು ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತಿರುವುದು. ಸಿಆರ್ 2032 ಅಂತ ಕೇಳಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ತಾರೀಖಿನ ಜೊತೆ ಬಯೋಸ್ (ವಿಂಡೋಸಿಗೂ ಮುಂಚೆ ಏಳುವ ಮದರ್‌ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗೂ ಹಳೆಯದಕ್ಕೆ ಮರಳಬಹುದು. ಆಗ ಡಿಸ್ಕ್ ಓದುವ ರೀತಿ ಎಎಚ್‌ಸಿಐ ಇದ್ದದ್ದು ರೇಡ್ ಆಗಿಯೋ, ಬೂಟ್ ಆಗುವ ರೀತಿ ಯುಇಎಫ್ಐ (ಹೊಸದು) ಇದ್ದದ್ದು ಲೆಗಸಿ (ಹಳೆಯದು) ಆಗಿಯೋ ಬದಲಾಗಿ, ಒಳ್ಳೆಯ ವಿಂಡೋಸ್ ಕೂಡ ಬೂಟ್ ಆಗದೆ ನಿಲ್ಲುತ್ತದೆ. ಸೆಲ್ ಹಾಕಿ, ಸೆಟ್ಟಿಂಗ್ ಮೊದಲಿನ ಹಾಗೆ ಮಾಡಿದರೆ ಕೆಲಸ ಮುಗಿಯಿತು. ಒಂದು ಫೈಲೂ ಅಳಿಸಬೇಕಾಗಿಲ್ಲ.

ಥಂಡಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಬಟ್ಟೆಗೆ ಬೂಷ್ಟು ಹಿಡಿಯಬಾರದು ಅಂತ ಬೀರುವಿನೊಳಗೆ ಬಲ್ಬ್ ಉರಿಸಿಡುವ ಮನೆಗಳಲ್ಲಿ ಕಂಪ್ಯೂಟರ್ ಮಾತ್ರ ಗೋಡೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿರುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ಸೀದಾ ಆನ್ ಮಾಡಬೇಡಿ. ಪ್ಲಗ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿ, ಒಣ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಒಳಗೆ ಇರುವೆ ಗೂಡು, ಹಲ್ಲಿ ಇದ್ದರೆ ತೆಗೆಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ರ‍್ಯಾಮ್ ಕಡ್ಡಿಗಳನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕಟ್ ಅನ್ನುವ ತನಕ ಒತ್ತಿ ಕೂರಿಸಿ. ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ. ಪ್ರತಿ ಸಲ ಬೇರೆ ಬೇರೆ ಹೆಸರಿನ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮ್ ಮೇಲೆ ಮೊದಲ ಅನುಮಾನ ಇರಲಿ. ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಇಟ್ಟುಕೊಂಡು ವಿಂಡೋಸ್ ಹಾಕಬೇಡಿ.

ಡಿಸ್ಕ್ ತಾನೇ ಹೇಳುತ್ತದೆ, ಕೇಳಬೇಕು

ಹಾರ್ಡ್ ಡಿಸ್ಕ್ ಆಗಲಿ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಲಿ, ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಪ್ರೋಗ್ರಾಂ ಸಾಕು. ಎಲ್ಲರೂ ಮೇಲಿನ ನೀಲಿ ಚೌಕದಲ್ಲಿ ಗುಡ್ ಅಂತ ಇದೆಯಾ ನೋಡಿ ಮುಚ್ಚಿಬಿಡುತ್ತಾರೆ. ಅಷ್ಟು ಸಾಲದು. ಕೆಳಗಿನ ಪಟ್ಟಿ ನೋಡಿ. ಅಲ್ಲಿನ ಸಂಖ್ಯೆಗಳು ಮೊದಲಿಗೆ ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿರುತ್ತವೆ, ಫಂಕ್ಷನ್ ಮೆನುವಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಾಯಿಸಿಕೊಂಡರೆ ಓದಲು ಸುಲಭ.

ತಿರುಗುವ ಹಾರ್ಡ್ ಡಿಸ್ಕಿನಲ್ಲಿ ನಾನು ನೋಡುವುದು ನಾಲ್ಕೇ ಸಾಲು. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟಿರುವ ಸೆಕ್ಟರುಗಳು (ಡಿಸ್ಕಿನ ಸಣ್ಣ ತುಂಡು ಜಾಗಗಳು). ಸಿ5 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. ಸಿ6 ಅಂದರೆ ಪ್ರಯತ್ನಿಸಿಯೂ ಸರಿಮಾಡಲು ಆಗದವು. ಈ ಮೂರೂ ಸೊನ್ನೆ ಇರಬೇಕು. 05ರಲ್ಲಿ ಎರಡೋ ಮೂರೋ ಇದ್ದು ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಓಡಿಸಬಹುದು, ಬ್ಯಾಕಪ್ ಇಟ್ಟುಕೊಂಡು. ವಾರದಿಂದ ವಾರಕ್ಕೆ ಏರುತ್ತಿದ್ದರೆ, ಸಿ5ರಲ್ಲಿ ಸಂಖ್ಯೆ ನಿಂತಿದ್ದರೆ, ಆ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆಯುವುದು ಸುಮ್ನೆ ಸಮಯ ಹಾಳು. ಫೈಲುಗಳನ್ನು ಇಳಿಸಿಕೊಂಡು ಡಿಸ್ಕ್ ಬದಲಾಯಿಸಿ. ಅಂಥ ಡಿಸ್ಕಿನ ಮೇಲೆ ವಿಂಡೋಸಿನ ಚೆಕ್ ಡಿಸ್ಕ್ ಪರೀಕ್ಷೆ ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಮೂಲೆಯಿಂದ ಮೂಲೆಗೆ ಓದಿಸಿದರೆ ಇನ್ನೂ ಬೇಗ ಸಾಯುತ್ತದೆ, ಫೈಲ್ ಸಿಸ್ಟಮ್ ಸರಿಮಾಡುವ ಹೆಸರಿನಲ್ಲಿ ಉಳಿದ ಫೈಲುಗಳನ್ನೂ ಚೆಲ್ಲಾಪಿಲ್ಲಿ ಮಾಡಿಬಿಡಬಹುದು. ಟಿಕ್ ಟಿಕ್ ಅಂತ ಒಂದೇ ತಾಳದಲ್ಲಿ ಸದ್ದು ಮಾಡುವ ಡಿಸ್ಕನ್ನಂತೂ ಕೂಡಲೇ ಆಫ್ ಮಾಡಿ. ಅದರಲ್ಲಿ ಬೇಕಾದದ್ದು ಇದ್ದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ, ಮನೆಯಲ್ಲಿ ಪ್ರಯೋಗ ಬೇಡ.

ನಾಲ್ಕನೆಯದು ಸಿ7. ಇದು ಡಿಸ್ಕಿನ ಕಾಯಿಲೆ ಅಲ್ಲ. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಮಾತು ತಪ್ಪಿದ ಲೆಕ್ಕ. ಹೆಚ್ಚಿನ ಸಲ ಅದು ಇವೆರಡನ್ನು ಜೋಡಿಸುವ ಸಾಟಾ ಕೇಬಲ್.

ರೈಟರಣ್ಣನ ಆಫೀಸಿಗೆ ಮಧ್ಯಾಹ್ನ ತಲುಪಿದೆ. ಮಳೆ ಎಷ್ಟು ಅಂದರೆ ಗೇಟಿನಿಂದ ಆಫೀಸಿನ ತನಕ ಬರುವಾಗ ಪೆನ್‌ಡ್ರೈವನ್ನು ಅಂಗಿಯ ಒಳಜೇಬಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡಿದ್ದೆ. ಮೂರು ಸಲ ಪ್ರಯತ್ನಿಸಿದ ಮೇಲೆ ವಿಂಡೋಸ್ ಹೇಗೋ ತೆರೆಯಿತು. ಸ್ಮಾರ್ಟ್ ಪಟ್ಟಿ ನೋಡಿದರೆ 05 ಸೊನ್ನೆ, ಸಿ5 ಸೊನ್ನೆ, ಸಿ6 ಸೊನ್ನೆ. ಸಿ7 ಮಾತ್ರ 1,843. ಡಿಸ್ಕ್ ಗಟ್ಟಿಯಾಗಿದೆ! ಬಾಗಿಲು ಬಿಚ್ಚಿ ಕೆಂಪು ಸಾಟಾ ಕೇಬಲ್ ಎಳೆದೆ. ಎಳೆಯಬೇಕಾಗಿಯೇ ಇರಲಿಲ್ಲ, ಬೆರಳು ತಾಗಿದ ಕೂಡಲೇ ಜಾರಿ ಬಂತು, ಹಿಡಿದುಕೊಳ್ಳುವ ಕ್ಲಿಪ್ಪೇ ಅದರಲ್ಲಿ ಇರಲಿಲ್ಲ. ಟಾರ್ಚ್ ಬಿಟ್ಟು ತುದಿಯೊಳಗೆ ನೋಡಿದರೆ ಏಳು ಸಣ್ಣ ತಗಡುಗಳಲ್ಲಿ ಎರಡು ಮಂಕಾಗಿದ್ದವು, ಒಂದರ ಅಂಚಿನಲ್ಲಿ ಹಸಿರು ಕಿಲುಬು. ಫ್ಯಾನ್ ಜೋರಾಗಿ ತಿರುಗಿದಾಗ ಕೇಬಲ್ ಅದುರುತ್ತದೆ, ಡಿಸ್ಕ್ ಒಂದು ಕ್ಷಣ ಕಾಣೆಯಾಗುತ್ತದೆ, ಬರೆಯುತ್ತಿದ್ದ ವಿಂಡೋಸ್ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಎರಡು ತಿಂಗಳ ತೊಂದರೆಗೆ ಇದೇ ಕಾರಣ. ಅಂಗಡಿಯಲ್ಲಿ ಬಹುಶಃ ಡಿಸ್ಕ್ ಮಾತ್ರ ಬಿಚ್ಚಿ ತಮ್ಮ ಕೇಬಲ್ಲಿಗೆ ಹಾಕಿ ವಿಂಡೋಸ್ ತುಂಬಿಸಿರಬೇಕು, ಅಲ್ಲಿ ಎಲ್ಲ ಸರಿ ಓಡಿರುತ್ತದೆ. ವಾಪಸ್ ತಂದು ಹಳೆಯ ಕೇಬಲ್ಲಿಗೇ ಸಿಕ್ಕಿಸಿದ್ದಾರೆ.

ಕೇಬಲ್ ಬದಲಾಯಿಸಿ, ಮದರ್‌ಬೋರ್ಡಿನ ಇನ್ನೊಂದು ಪೋರ್ಟಿಗೆ ಹಾಕಿದೆ. ಒಂದು ಮಾತು ನೆನಪಿಡಿ, ಸಿ7 ಸಂಖ್ಯೆ ಎಂದೂ ಇಳಿಯುವುದಿಲ್ಲ. ಕೇಬಲ್ ಬದಲಾಯಿಸಿದ ಮೇಲೂ 1,843 ಅಲ್ಲೇ ಇರುತ್ತದೆ. ಅದು ಮುಂದೆ ಏರದೆ ನಿಂತರೆ ಕೆಲಸ ಗೆದ್ದಿತು. ಆದರೆ ಇಷ್ಟು ದಿನ ಅರ್ಧಂಬರ್ಧ ಬರೆದು ವಿಂಡೋಸ್ ಫೈಲುಗಳು ಹಾಳಾಗಿದ್ದವು. ಹಾಗಾಗಿ ಮೂರನೇ ಸಲ ಅಳಿಸಿ ಹಾಕಲೇಬೇಕಾಯಿತು.

ಅಳಿಸುವ ಮುಂಚೆ ಏನೇನು ಇಳಿಸಿಕೊಳ್ಳಬೇಕು

ವಿಂಡೋಸ್ ತೆರೆಯದೇ ಇದ್ದರೂ ಫೈಲುಗಳನ್ನು ತೆಗೆಯಬಹುದು. ಲಿನಕ್ಸ್ ಮಿಂಟ್ ಅನ್ನುವ ಉಚಿತ ಓಎಸ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್, ಫೋಟೊ, ಡೆಸ್ಕ್‌ಟಾಪ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆಯದು.

ಟ್ಯಾಲಿ (ಲೆಕ್ಕಪತ್ರದ ಪ್ರೋಗ್ರಾಂ) ಡೇಟಾ ಡಾಕ್ಯುಮೆಂಟ್ಸ್ ಒಳಗೆ ಇರುವುದಿಲ್ಲ. ಎಲ್ಲಿದೆ ಅಂತ ಟ್ಯಾಲಿಯಲ್ಲೇ ಕಂಪನಿ ತೆರೆಯುವ ಜಾಗದಲ್ಲಿ ದಾರಿ ತೋರಿಸುತ್ತದೆ, ಆ ಫೋಲ್ಡರನ್ನು ಪೂರ್ತಿ ತೆಗೆದುಕೊಳ್ಳಿ. ಜಿಎಸ್‌ಟಿಗೆ ಡಿಜಿಟಲ್ ಸಹಿ ಟೋಕನ್ ಬಳಸುವವರು ಅದರ ಡ್ರೈವರ್ ಯಾವುದು ಅಂತ ಬರೆದಿಟ್ಟುಕೊಳ್ಳಿ. ಕ್ರೋಮ್, ಎಡ್ಜ್‌ನಂಥ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಫೈಲ್ ಕಾಪಿ ಮಾಡಿದರೆ ಬರುವುದಿಲ್ಲ, ವಿಂಡೋಸ್ ತೆರೆಯುವಾಗಲೇ ಎಕ್ಸ್‌ಪೋರ್ಟ್ ಮಾಡಬೇಕು ಇಲ್ಲವೇ ಅಕೌಂಟಿಗೆ ಸಿಂಕ್ ಮಾಡಬೇಕು.

ಕನ್ನಡದವರು ಖಂಡಿತ ಮರೆಯುವುದು ನುಡಿ ಮತ್ತು ಬರಹ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಂಗಳ ಹಳೆಯ ಫಾಂಟುಗಳನ್ನು. ರೈಟರಣ್ಣನ ಹತ್ತು ವರ್ಷದ ಪತ್ರಗಳು, ಕಾರ್ಮಿಕರ ಹೆಸರಿನ ಪಟ್ಟಿ, ಸೊಸೈಟಿಗೆ ಬರೆದ ಅರ್ಜಿ ಎಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಅವು ಎಲ್ಲ ಕಡೆ ಒಂದೇ ಆಗಿರುವ ಯೂನಿಕೋಡ್ ಸಂಕೇತ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ ಹಾಕುವುದು ಆ ಫಾಂಟ್. ಮೊದಲ ಸಲ ಫಾರ್ಮ್ಯಾಟ್ ಆಗಿ ಬಂದಾಗ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಂಡು, ಫೈಲುಗಳೇ ಹಾಳಾದವು ಅಂತ ಅವರು ಅರ್ಧದಷ್ಟು ಡಿಲೀಟ್ ಮಾಡಿಬಿಟ್ಟಿದ್ದರು. ಕೇಳಿ ನನಗೆ ತುಂಬಾ ಬೇಜಾರಾಯಿತು. ಹಾಳಾಗಿರಲೇ ಇಲ್ಲ ಅವು. ಅದೇ ಹೆಸರಿನ ಫಾಂಟ್ ಮತ್ತೆ ಹಾಕಿದ್ದರೆ ಅಕ್ಷರಕ್ಕೆ ಅಕ್ಷರ ವಾಪಸ್ ಬರುತ್ತಿದ್ದವು. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಅನ್ನುವುದರಿಂದ ಅವುಗಳನ್ನು ಕಾಪಿ ಮಾಡಿಕೊಳ್ಳಿ, ಸಾಧ್ಯವಾದಾಗ ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿಡಿ.

ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ ನೋಡಿ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ನೀವು ಕೇಳದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಬಯೋಸಿನಲ್ಲಿ ಏನಾದರೂ ಬದಲಾಯಿಸಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಕೀ ಇಲ್ಲದಿದ್ದರೆ ಲಿನಕ್ಸಿನಿಂದಲೂ ಒಳಗಿನ ಫೈಲು ಸಿಗುವುದಿಲ್ಲ.

ಕಾಪಿ ಆಯಿತು ಅಂತ ನಂಬಬೇಡಿ. ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲ್ ತೆರೆದು ನೋಡಿ.

ಅಳಿಸುವುದರಲ್ಲಿ ಮೂರು ಬಗೆ

ಕಂಪ್ಯೂಟರ್ ನಿಮ್ಮ ಹತ್ತಿರವೇ ಉಳಿಯುವುದಾದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇನ್‌ಸ್ಟಾಲ್ ಮಾಡುವಾಗ ಹಳೆಯ ಪಾರ್ಟಿಷನ್ (ಡಿಸ್ಕಿನ ಭಾಗ) ಎಲ್ಲ ಡಿಲೀಟ್ ಮಾಡಿದರೆ ಸಾಕು. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಮಾತ್ರ ಹರಿದ ಹಾಗೆ, ಪುಟಗಳು ಹಾಗೇ ಇರುತ್ತವೆ. ನಿಮ್ಮ ಮನೆಯೊಳಗೇ ಇರುವ ಡಿಸ್ಕಿಗೆ ಅದು ತೊಂದರೆಯಲ್ಲ.

ಮಾರುವುದಾದರೆ, ಯಾರಿಗಾದರೂ ಕೊಡುವುದಾದರೆ, ಪುಟಗಳನ್ನೂ ಅಳಿಸಬೇಕು. ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಸೊನ್ನೆ ತುಂಬಿಸಿದರೆ ಸಾಕು. ವಿಸ್ತಾದಿಂದ ಈಚೆಗಿನ ವಿಂಡೋಸ್‌ನಲ್ಲಿ ಕ್ವಿಕ್ ಅನ್ನುವ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ ಅದೇ ಆಗುತ್ತದೆ. 35 ಸಲ ಬರೆಯಬೇಕು ಅಂತ ಹೇಳುವವರು ಇದ್ದಾರೆ. ಅದು ಪೀಟರ್ ಗುಟ್‌ಮನ್ 1996ರಲ್ಲಿ ಆಗಿನ ಕಾಲದ ಡಿಸ್ಕುಗಳನ್ನು ನೋಡಿ ಬರೆದ ಲೇಖನದಿಂದ ಬಂದದ್ದು, ಇವತ್ತಿನ ಡಿಸ್ಕಿಗೆ ಬೇಕಾಗಿಲ್ಲ. ಸೆಕೆಂಡಿಗೆ 100 ಎಂಬಿ ಬರೆಯುವ 1 ಟಿಬಿ ಡಿಸ್ಕಿಗೆ ಒಂದು ಸುತ್ತಿಗೇ ಮೂರು ಗಂಟೆ ಹತ್ತಿರ ಬೇಕು. 35 ಸುತ್ತು ಅಂದರೆ ನಾಲ್ಕು ದಿನ, ನಮ್ಮ ಕರೆಂಟಿನಲ್ಲಿ! ನಡುವೆ ಕರೆಂಟ್ ಹೋದರೆ ಡಿಸ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಿದರಾಯಿತು.

ಎಸ್‌ಎಸ್‌ಡಿಗೆ ಈ ರೀತಿ ಬೇಡ. ಅದು ಸವೆತ ಹಂಚಲು ಬರೆಯುವ ಜಾಗವನ್ನು ಒಳಗೊಳಗೇ ಬದಲಾಯಿಸುತ್ತಿರುತ್ತದೆ, ನೀವು ಸೊನ್ನೆ ತುಂಬಿಸಿದರೂ ಕೆಲವು ಹಳೆಯ ತುಣುಕು ಕೈಗೆ ಸಿಗದ ಮೂಲೆಯಲ್ಲಿ ಉಳಿಯಬಹುದು. ಬಯೋಸಿನಲ್ಲೋ, ತಯಾರಕರು ಕೊಡುವ ಪ್ರೋಗ್ರಾಂನಲ್ಲೋ ಸೆಕ್ಯೂರ್ ಇರೇಸ್ ಅಂತ ಇರುತ್ತದೆ, ಅದನ್ನೇ ಬಳಸಿ. ಕೆಲವೇ ಕ್ಷಣ ಅಥವಾ ನಿಮಿಷಗಳಲ್ಲಿ ಮುಗಿಯುತ್ತದೆ.

ಡಿಸ್ಕ್‌ಪಾರ್ಟ್ ಅನ್ನುವ, ಡಿಸ್ಕ್ ಅಳಿಸುವ ವಿಂಡೋಸ್ ಕಮಾಂಡಿನ ಬಗ್ಗೆ ಮಾತ್ರ ನಿಧಾನವಾಗಿ ಓದಿ. ವಿಂಡೋಸ್ ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀಲಿಯನ್ನೂ ಹಿಡಿಯಬೇಕು. ಅಲ್ಲಿ ಇಂಗ್ಲಿಷಿನಲ್ಲಿ ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ, ಆಮೇಲೆ ಲಿಸ್ಟ್ ಡಿಸ್ಕ್, ಆಮೇಲೆ ಸೆಲೆಕ್ಟ್ ಡಿಸ್ಕ್ ಮತ್ತು ಅದರ ಸಂಖ್ಯೆ. ಕ್ಲೀನ್ ಅಂತ ಹೊಡೆದರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತದೆ. ಕ್ಲೀನ್ ಆಲ್ ಅಂದರೆ ಇಡೀ ಡಿಸ್ಕಿಗೆ ಸೊನ್ನೆ. ಎರಡೂ ಒಮ್ಮೆಯೂ ಕೇಳುವುದಿಲ್ಲ, ಹೌದಾ ಅಲ್ಲವಾ ಅಂತ.

ಕೆಲವು ವರ್ಷದ ಹಿಂದೆ ನಾನು ಮಾವನ ಮನೆಯಲ್ಲಿ ಡಿಸ್ಕ್ 1 ಅಂತ ಸೆಲೆಕ್ಟ್ ಮಾಡಿ ಕ್ಲೀನ್ ಹೊಡೆದೆ. ಹಿಂದಿನ ದಿನ ನೋಡಿದಾಗ ಅಳಿಸಬೇಕಾದ ಡಿಸ್ಕ್ 1 ಆಗಿತ್ತು. ಅವತ್ತು ಬ್ಯಾಕಪ್ ಡಿಸ್ಕ್ ಹಾಕಿಕೊಂಡೇ ಬೂಟ್ ಮಾಡಿದ್ದೆ, ಸಂಖ್ಯೆ ಅದಲುಬದಲಾಗಿತ್ತು. ಹೋದದ್ದು ಅಕ್ಕನ ಮದುವೆಯ ಫೋಟೊಗಳು ಇದ್ದ ಬ್ಯಾಕಪ್. ಆ ಕ್ಷಣ ಹೊಟ್ಟೆಯೊಳಗೆ ಆದದ್ದು ಇವತ್ತಿಗೂ ನೆನಪಿದೆ. ಆಲ್ ಅನ್ನುವ ಪದ ಸೇರಿಸದೇ ಇದ್ದದ್ದರಿಂದ ಬಚಾವಾಯಿತು. ಆ ಡಿಸ್ಕಿಗೆ ಮತ್ತೇನೂ ಬರೆಯದೆ, ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಪ್ರೋಗ್ರಾಂ ಓಡಿಸಿ, ರಾತ್ರಿ ಎರಡು ಗಂಟೆಗೆ ಪಾರ್ಟಿಷನ್ ಹೆಸರು ಸಮೇತ ವಾಪಸ್ ಸಿಕ್ಕಿತು. ಅಂದಿನಿಂದ ಅಳಿಸಬೇಕಾದ ಡಿಸ್ಕ್ ಬಿಟ್ಟು ಉಳಿದದ್ದರ ಕೇಬಲನ್ನೇ ಕಿತ್ತಿಡುತ್ತೇನೆ. ಸಂಖ್ಯೆ ನೋಡುವುದಿಲ್ಲ, ಸೈಜ್ ನೋಡುತ್ತೇನೆ. ನೀವೂ ಹಾಗೇ ಮಾಡಿ. ಇನ್ನೊಂದು ಲಾಭವೂ ಇದೆ, ಬೇರೆ ಡಿಸ್ಕ್ ಜೋಡಿಸಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಅದರ ಮೇಲೆ ಇಟ್ಟುಬಿಡುವುದುಂಟು, ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಬೂಟ್ ಆಗುವುದಿಲ್ಲ.

ಹಾಕುವಾಗ ಸಿಕ್ಕಿಬೀಳುವ ಜಾಗಗಳು

ವಿಂಡೋಸ್ ಹಾಕಲು ಬಳಸುವ ಪೆನ್‌ಡ್ರೈವ್ ಕನಿಷ್ಠ 8 ಜಿಬಿ ಇರಲಿ. ಅದರಲ್ಲಿರುವುದೆಲ್ಲ ಹೋಗುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಅಥವಾ ವಿಂಡೋಸಿನ ಐಎಸ್ಒ ಫೈಲ್ ಇಳಿಸಿ ರೂಫಸ್ ಅನ್ನುವ ಪ್ರೋಗ್ರಾಂನಿಂದ ಪೆನ್‌ಡ್ರೈವಿಗೆ ಬರೆಯಿರಿ. ಡೌನ್‌ಲೋಡ್ 5 ಜಿಬಿಗಿಂತ ಜಾಸ್ತಿ. ತೋಟದ ನೆಟ್‌ವರ್ಕಿನಲ್ಲಿ ಅದು ನಡುವೆ ನಿಂತು ಅರೆಬರೆ ಇಳಿಯುತ್ತದೆ, ಮಡಿಕೇರಿಗೋ ಗೋಣಿಕೊಪ್ಪಲಿಗೋ ಹೋದಾಗ ಒಳ್ಳೆಯ ನೆಟ್ಟಿನಲ್ಲಿ ಇಳಿಸಿಟ್ಟುಕೊಳ್ಳಿ. ಯಾರೋ ಕೊಟ್ಟ ರೆಡಿಮೇಡ್ ವಿಂಡೋಸ್ ಬೇಡ, ಅದರೊಳಗೆ ಏನು ಸೇರಿಸಿದ್ದಾರೆ ಅಂತ ನಿಮಗೆ ಗೊತ್ತಾಗುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಬೇಕಾದರೆ ಟಿಪಿಎಂ 2.0 (ಭದ್ರತೆಯ ಚಿಪ್), ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಟಿಪಿಎಂ ಇಲ್ಲ ಅಂತ ಬಂದರೆ ಬಯೋಸಿನಲ್ಲಿ ಪಿಟಿಟಿ ಅಥವಾ ಎಫ್‌ಟಿಪಿಎಂ ಅಂತ ಹುಡುಕಿ ಆನ್ ಮಾಡಿ, ಎಷ್ಟೋ ಯಂತ್ರಗಳಲ್ಲಿ ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೆ. ಟ್ಯಾಲಿ ಬೇಡದ, ಬ್ರೌಸರ್ ಮತ್ತು ಪತ್ರ ಬರೆಯುವ ಕೆಲಸ ಮಾತ್ರ ಇರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿ ಅಂತಲೇ ನಾನು ಹೇಳುವುದು.

ಬೂಟ್ ಮೆನುವಿಗೆ ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9. ಏಸರ್‌ನಲ್ಲಿ ಎಫ್12 ಇದ್ದರೂ ಅದನ್ನು ಬಯೋಸಿನಲ್ಲಿ ಮೊದಲು ಆನ್ ಮಾಡಬೇಕಾಗಬಹುದು. ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್ಐ ಅಂತ ಇರುವುದನ್ನು ಆರಿಸಿ. ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿದರೆ ಮುಂದೆ ಎಂಬಿಆರ್, ಜಿಪಿಟಿ (ಪಾರ್ಟಿಷನ್ ಪಟ್ಟಿಯ ಹಳೆಯ, ಹೊಸ ಬಗೆ) ಅಂತ ತಕರಾರು ಬರುತ್ತದೆ. ಈ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ, ವಿಂಡೋಸ್ ಹಾಕಲು ಆಗುವುದಿಲ್ಲ ಅಂತ ಸೆಟಪ್ ಹೇಳಿದರೆ, ಫೈಲುಗಳು ಸುರಕ್ಷಿತವಾಗಿವೆ ಅಂತ ಇನ್ನೊಮ್ಮೆ ಖಚಿತ ಮಾಡಿಕೊಂಡು, ಡಿಸ್ಕ್‌ಪಾರ್ಟಿನಲ್ಲಿ ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ.

ಡಿಸ್ಕ್ ಪಟ್ಟಿಯೇ ಖಾಲಿ ಬಂದರೆ ಡಿಸ್ಕ್ ಸತ್ತಿತು ಅಂತ ಗಾಬರಿಯಾಗಬೇಡಿ. ಇಂಟೆಲ್ ಹನ್ನೊಂದನೇ ತಲೆಮಾರಿನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಅನ್ನುವ ಡಿಸ್ಕ್ ನಿಯಂತ್ರಣ ವ್ಯವಸ್ಥೆ ಆನ್ ಇರುತ್ತದೆ, ಅದರ ಡ್ರೈವರ್ ಸೆಟಪ್ಪಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿನಲ್ಲಿ ಇಟ್ಟು, ಲೋಡ್ ಡ್ರೈವರ್ ಒತ್ತಿ ತೋರಿಸಿ. ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಅರ್ಧಕ್ಕೆ ನಿಂತು 80070570 ಅಥವಾ 8007025ಡಿ ಅಂತ ಎರರ್ ಬಂದರೆ, ಫೈಲ್ ಓದಲು ಆಗುತ್ತಿಲ್ಲ ಅಂತ. ಮೊದಲು ಬೇರೆ ಯುಎಸ್‌ಬಿ ಪೋರ್ಟ್, ಆಮೇಲೆ ಬೇರೆ ಪೆನ್‌ಡ್ರೈವ್, ಆಮೇಲೆ ಹೊಸದಾಗಿ ಡೌನ್‌ಲೋಡ್. ಆಗಲೂ ಬಂದರೆ ರ‍್ಯಾಮ್ ಮತ್ತು ಡಿಸ್ಕಿನ ಪರೀಕ್ಷೆಗೆ ವಾಪಸ್ ಹೋಗಿ. ಫೈಲ್ ಕಾಪಿ ಮುಗಿದು ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲ ಪರದೆಯೇ ಬಂದರೆ ಅದು ದೋಷವಲ್ಲ, ಕಂಪ್ಯೂಟರ್ ಪೆನ್‌ಡ್ರೈವಿನಿಂದಲೇ ಮತ್ತೆ ಎದ್ದಿದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

11 ಹಾಕುವಾಗ ಇಂಟರ್‌ನೆಟ್ ಕೇಳುತ್ತದೆ, ಎಷ್ಟೋ ಸಲ ವೈಫೈ ಡ್ರೈವರ್ ಇರುವುದಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ನಡೆಯುತ್ತದೆ. ಪ್ರಾಡಕ್ಟ್ ಕೀ ಕೇಳಿದರೆ, ಮೊದಲೇ ಅಸಲಿ ವಿಂಡೋಸ್ ಆಕ್ಟಿವೇಟ್ ಆಗಿದ್ದ ಕಂಪ್ಯೂಟರಾದರೆ ಕೀ ಇಲ್ಲ ಅನ್ನುವುದನ್ನು ಒತ್ತಿ ಮುಂದೆ ಹೋಗಿ. ಹೋಮ್ ಇದ್ದದ್ದಕ್ಕೆ ಹೋಮ್, ಪ್ರೊ ಇದ್ದದ್ದಕ್ಕೆ ಪ್ರೊ ಆರಿಸಿ. ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಆಮೇಲಿನ ಹದಿನೈದು ದಿನ

ಹೊಸದಾಗಿ ಹಾಕಿದ ವಿಂಡೋಸ್ ಕೂಡ ಒಂದು ಪರೀಕ್ಷೆಯೇ. ಏನೂ ಸೇರಿಸದ ಖಾಲಿ ವಿಂಡೋಸಿನಲ್ಲೂ ಅದೇ ತೊಂದರೆ ಮರಳಿ ಬಂದರೆ ಕಾರಣ ಯಂತ್ರದ ಒಳಗಿದೆ, ಮತ್ತೆ ಫಾರ್ಮ್ಯಾಟ್ ಬೇಡ. ಅದಕ್ಕೆ ಎಲ್ಲವನ್ನೂ ಒಂದೇ ದಿನ ತುಂಬಿಸಬೇಡಿ. ಮೊದಲು ಅಪ್‌ಡೇಟ್ ಮತ್ತು ಡ್ರೈವರ್, ಎರಡು ದಿನ ಬಿಟ್ಟು ಟ್ಯಾಲಿ, ನುಡಿ, ಆಮೇಲೆ ಪ್ರಿಂಟರ್.

ರೈಟರಣ್ಣನ ಆಫೀಸಿನಲ್ಲಿ ಕೆಲಸ ಮುಗಿಯುವಾಗ ರಾತ್ರಿ ಒಂಬತ್ತು. ಎರಡು ಸಲ ಕರೆಂಟ್ ಹೋಗಿತ್ತು, ಅವರು ಜನರೇಟರ್ ಹಾಕಿಸಿದ್ದರು. ಚೆಕ್‌ರೋಲ್ ತೆರೆದು ಹೆಸರುಗಳು ಕನ್ನಡದಲ್ಲಿ ಸರಿಯಾಗಿ ಕಂಡ ಮೇಲೆ ಅವರು ಒಂದು ಲೋಟ ಬೆಲ್ಲದ ಕಾಫಿ ಮುಂದಿಟ್ಟರು. ಹೊರಡುವ ಮುಂಚೆ ಕ್ಯಾಬಿನೆಟ್ಟಿನ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದೆ: ತಾರೀಖು, ಹೊಸ ಕೇಬಲ್, ಸಿ7 1,843. "ತಿಂಗಳಿಗೊಮ್ಮೆ ಈ ಸಂಖ್ಯೆ ನೋಡಿ ಅಣ್ಣಾ, ಏರಿದರೆ ಮೊದಲು ನನಗೆ ಫೋನ್ ಮಾಡಿ, ಅಂಗಡಿಗೆ ಹೊರಬೇಡಿ" ಅಂದೆ. ಕಾಫಿ ಕೊಯ್ಲಿನ ಹೊತ್ತಿಗೆ ಒಮ್ಮೆ ಆ ಕಡೆ ಹೋದಾಗ ಬಾಗಿಲು ತೆರೆದು ನೋಡಿದೆ. ನನ್ನ ಬರಹದ ಕೆಳಗೆ ಅವರ ಕೈಬರಹದಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಅಂತ ನಾಲ್ಕು ಸಾಲು, ಎಲ್ಲದರ ಮುಂದೆಯೂ 1,843.